ಚುಟ್ಟದ ಹೊಗೆ ಮತ್ತು ಬಾಯಿಯ ಆರೋಗ್ಯ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯನ್ನು ಕುರಿತು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳು ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ದೋಆಬಿಗೆ ಸೇರಿದವು. ಕಾಲುವೆಯ ನೀರಿನಲ್ಲಿ ಬೆಳೆಯುವ ಬತ್ತದಿಂದ ಸಿಂಧನೂರೂ, ಹಟ್ಟಿಯ ಚಿನ್ನದ ಗಣಿಯಿಂದ ಲಿಂಗಸುಗೂರು ತಾಲೂಕೂ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದ ಮಸ್ಕಿಯೂ ಹೆಸರುವಾಸಿಯಾಗಿವೆ. ಈ ಸೀಮೆಯಲ್ಲಿ ಹೊಲ, ಗಣಿ, ಸಂತೆಗಳಲ್ಲಿ ದುಡಿಯುವವರಿಗೆ ಹೊಗೆಸೊಪ್ಪು ಬಹುಕಾಲದ ಸಂಗಾತಿ. ಚುಟ್ಟ, ಬೀಡಿ, ಚಿಲುಮೆ, ಸುಣ್ಣ ಬೆರೆಸಿ ತಿಕ್ಕಿದ ತಂಬಾಕು ಎಂದು ಅದರ ರೂಪಗಳು ಹಲವು. ಇವುಗಳಲ್ಲಿ ಚುಟ್ಟವನ್ನೇ ಮುಂದಿಟ್ಟುಕೊಂಡು ಬರೆಯಲು ನಮಗೊಂದು ಕಾರಣವುಂಟು. ಚುಟ್ಟ ಸೇದುವವರು ಸಾಮಾನ್ಯವಾಗಿ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ. ಬಾಯಲ್ಲಿ ತುಂಬಿಕೊಂಡು ಹೊರಗೆ ಬಿಡುತ್ತಾರೆ. ಹೀಗಿರುವುದರಿಂದ ‘ಹೊಗೆ ನುಂಗದಿದ್ದರೆ ಬಾಧೆಯಿಲ್ಲ’ ಎಂಬ ನಂಬಿಕೆ ಬೆಳೆದಿದೆ. ಈ ನಂಬಿಕೆ ಎಷ್ಟು ಸರಿ, ಎಲ್ಲಿ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

1. ಹೊಗೆಸೊಪ್ಪು ಈ ಸೀಮೆಗೆ ಬಂದ ಬಗೆ

ಹೊಗೆಸೊಪ್ಪು ನಮ್ಮ ನೆಲದ ಮೂಲ ಬೆಳೆಯಲ್ಲ. ಅಮೆರಿಕ ಖಂಡದ ಈ ಗಿಡವನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಅಲ್ಲಿಂದ ಅದು ದಖ್ಖನಿಗೆ ಹಬ್ಬಿತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಾಗ ಅಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ಅದನ್ನು ಕೊಂಡೊಯ್ದು ಬಾದಶಹನ ಮುಂದಿಟ್ಟನೆಂದು ಅವನ ಬರಹದಿಂದ ತಿಳಿದುಬರುತ್ತದೆ. 1565ರ ತಾಳೀಕೋಟೆಯ ಯುದ್ಧದ ಅನಂತರ ರಾಯಚೂರು ದೋಆಬು ಬಿಜಾಪುರದ ಆದಿಲಶಾಹಿಗಳ ವಶದಲ್ಲಿದ್ದುದನ್ನು ನೆನೆದರೆ, ತಂಬಾಕಿನ ಪರಿಚಯ ಈ ಸೀಮೆಗೆ ದೆಹಲಿ ಆಗ್ರಾಗಳಿಗಿಂತ ತಡವಾಗಿ ಆಗಿರಲಾರದು ಎಂದು ಊಹಿಸಬಹುದು.

ಚುಟ್ಟವೆಂಬ ಹೆಸರೂ ವಿಚಾರಾರ್ಹವಾದುದು. ತೆಲುಗಿನ ‘ಚುಟ್ಟು’ ಮತ್ತು ಕನ್ನಡದ ‘ಸುತ್ತು’ ಒಂದೇ ಮೂಲದ ಮಾತುಗಳು. ಎಲೆಯನ್ನು ಸುತ್ತಿ ಮಾಡಿದುದು ಚುಟ್ಟ. ತಮಿಳಿನ ‘ಸುರುಟ್ಟು’ ಇಂಗ್ಲಿಷಿಗೆ ಹೋಗಿ ‘ಚೆರೂಟ್’ ಆಯಿತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಕರಾವಳಿ ಆಂಧ್ರದ ಅನೇಕ ರೈತ ಕುಟುಂಬಗಳು ಸಿಂಧನೂರು ಸೀಮೆಯಲ್ಲಿ ನೆಲೆಸಿದವು. ಅವರ ಊರುಗಳು ಇಂದಿಗೂ ‘ಕ್ಯಾಂಪು’ಗಳೆಂದೇ ಕರೆಯಲ್ಪಡುತ್ತವೆ. ಅವರ ತವರು ಸೀಮೆಯಲ್ಲಿ ಚುಟ್ಟ ಹಳೆಯ ರೂಢಿ. ಆದರೆ ಇದು ಒಂದು ಜನಕ್ಕೆ ಮಾತ್ರ ಸೇರಿದ ಚಟವೆಂದು ತಿಳಿಯುವುದು ಸಲ್ಲದು. ಬೀಡಿ ಸೇದುವವನಿಗೂ ತಂಬಾಕು ತಿಕ್ಕುವವನಿಗೂ ಮುಂದೆ ಹೇಳುವ ಮಾತುಗಳು ಬಹುಮಟ್ಟಿಗೆ ಅನ್ವಯಿಸುತ್ತವೆ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು.

2. ನುಂಗದ ಹೊಗೆ ಹೇಗೆ ದೇಹವನ್ನು ಸೇರುತ್ತದೆ

ಸಿಗರೇಟಿನ ಹೊಗೆಗೂ ಚುಟ್ಟದ ಹೊಗೆಗೂ ರಾಸಾಯನಿಕ ಗುಣದಲ್ಲಿ ಭೇದವುಂಟು. ಸಿಗರೇಟಿನ ತಂಬಾಕನ್ನು ಬಿಸಿಗಾಳಿಯಲ್ಲಿ ಬೇಗ ಹದಮಾಡುವುದರಿಂದ ಎಲೆಯಲ್ಲಿ ಸಕ್ಕರೆಯ ಅಂಶ ಉಳಿದು ಹೊಗೆ ಆಮ್ಲಗುಣವನ್ನು ಪಡೆಯುತ್ತದೆ. ಅಂಥ ಹೊಗೆಯ ನಿಕೋಟಿನ್ ಬಾಯಿಯ ಲೋಳೆಪೊರೆಯನ್ನು ಸುಲಭವಾಗಿ ದಾಟಲಾರದು. ಆದುದರಿಂದಲೇ ಸಿಗರೇಟು ಸೇದುವವನು ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾನೆ. ಸಿಗಾರ್, ಚುಟ್ಟಗಳ ಎಲೆ ಗಾಳಿಯಲ್ಲಿ ನಿಧಾನವಾಗಿ ಒಣಗಿ ಮಾಗುವುದರಿಂದ ಅದರ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ. ಕ್ಷಾರದಲ್ಲಿ ನಿಕೋಟಿನ್ ಬಿಡುಗಡೆ ಹೊಂದಿ ಕೆನ್ನೆಯ ಒಳಭಾಗ, ನಾಲಗೆಯ ಬುಡ, ಅಂಗುಳಗಳ ಮೂಲಕವೇ ರಕ್ತಕ್ಕೆ ಸೇರುತ್ತದೆ.

ಈ ನ್ಯಾಯ ನಮ್ಮ ರೈತನಿಗೆ ಹೊಸದಲ್ಲ. ತಂಬಾಕಿಗೆ ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕುವುದೇಕೆ? ಸುಣ್ಣವಿಲ್ಲದ ತಂಬಾಕು ‘ಏರುವುದಿಲ್ಲ’ ಎಂದು ಅವನೇ ಹೇಳುತ್ತಾನೆ. ಸುಣ್ಣ ಕ್ಷಾರ, ಅದು ನಿಕೋಟಿನ್ನನ್ನು ಎಲೆಯಿಂದ ಬಿಡಿಸಿ ದವಡೆಯ ಪೊರೆಯೊಳಕ್ಕೆ ತಳ್ಳುತ್ತದೆ. ಚುಟ್ಟದಲ್ಲಿ ಹೊರಗಿನಿಂದ ಸುಣ್ಣ ಹಾಕಬೇಕಾಗಿಲ್ಲ, ಅಷ್ಟೇ ಭೇದ.

ಪ್ರಮಾಣವೂ ಗಮನಾರ್ಹವಾಗಿದೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗಿಂತ ಕಡಮೆ ತಂಬಾಕಿದ್ದರೆ ದೊಡ್ಡ ಸಿಗಾರಿನಲ್ಲಿ 5ರಿಂದ 17 ಗ್ರಾಮಿನವರೆಗೆ ಇರುವುದುಂಟು. ಹೊಗೆಯಲ್ಲಿನ ಟಾರು ಹಾಗೂ ಅರ್ಬುದಕಾರಕ ದ್ರವ್ಯಗಳು ಶ್ವಾಸಕೋಶಕ್ಕೆ ಹೋಗದೆ ಇದ್ದರೂ ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತವೆ, ಜೊಲ್ಲಿನಲ್ಲಿ ಕರಗುತ್ತವೆ, ಜೊಲ್ಲಿನೊಡನೆ ಗಂಟಲಿಗೆ ಇಳಿಯುತ್ತವೆ. ಹೊಗೆಯನ್ನು ನುಂಗದವನ ಶ್ವಾಸಕೋಶಕ್ಕೆ ಅಪಾಯ ಕಡಮೆಯೆಂಬುದು ನಿಜ. ಬಾಯಿಗೆ ಕಡಮೆಯೆಂಬುದು ನಿಜವಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರನ್ನು ಕುರಿತು ಹೊರತಂದ ಗ್ರಂಥದ ಮುಖ್ಯ ನಿರ್ಣಯಗಳಲ್ಲಿ ಇದೂ ಒಂದು.

3. ಬಾಯಿಯಲ್ಲಿ ಕಾಣುವ ಬದಲಾವಣೆಗಳು

ಮೊದಲು ಕಾಣುವುದು ಹಲ್ಲಿನ ಕಂದು ಕಲೆ ಮತ್ತು ಉಸಿರಿನ ದುರ್ಗಂಧ. ಇವು ಅಂದಗೆಡಿಸುವುವೇ ಹೊರತು ಪ್ರಾಣಾಂತಿಕವಲ್ಲ. ಇವುಗಳಿಗಿಂತ ಗಹನವಾದುದು ವಸಡಿನ ರೋಗ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಆರೋಗ್ಯ ಕೆಟ್ಟ ವಸಡಿನಿಂದ ಸಹಜವಾಗಿ ರಕ್ತ ಬರಬೇಕು, ಅದೇ ಎಚ್ಚರಿಕೆಯ ಗಂಟೆ. ಸೇದುವವನಲ್ಲಿ ಈ ಗಂಟೆ ಮಂದವಾಗಿ ಬಾರಿಸುತ್ತದೆ. ರಕ್ತ ಕಾಣದೆ ಇರುವುದರಿಂದ ರೋಗಿ ನಿಶ್ಚಿಂತನಾಗಿರುತ್ತಾನೆ. ಒಳಗೆ ಹಲ್ಲನ್ನು ಹಿಡಿದ ಎಲುಬು ಸವೆಯುತ್ತ ಹೋಗಿ ಒಂದು ದಿನ ಹಲ್ಲು ಅಲುಗಾಡುತ್ತದೆ. ‘ವಯಸ್ಸಾಯಿತು, ಹಲ್ಲು ಬಿದ್ದವು’ ಎಂದು ಸಮಾಧಾನ ಹೇಳಿಕೊಳ್ಳುವವರಲ್ಲಿ ಎಷ್ಟೋ ಮಂದಿಯ ಹಲ್ಲನ್ನು ಕಿತ್ತುದು ವಯಸ್ಸಲ್ಲ, ಹೊಗೆಸೊಪ್ಪು. ಹಲ್ಲುನೋವಿಗೆ ತಂಬಾಕನ್ನೇ ಔಷಧವೆಂದು ಇಡುವ ಪದ್ಧತಿ ಇದಕ್ಕೆ ಇನ್ನಷ್ಟು ಇಂಬುಗೊಡುತ್ತದೆ. ಹಲ್ಲು ಕೀಳಿಸಿದ ಮೇಲೆ ಗಾಯ ಮಾಯುವುದೂ ಸೇದುವವರಲ್ಲಿ ತಡ.

ಎರಡನೆಯದು ಅಂಗುಳದ ಬದಲಾವಣೆ. ದಿನವೂ ಬಿಸಿಹೊಗೆ ತಾಗಿದ ಅಂಗುಳ ಬೂದು ಬಿಳುಪಾಗಿ, ಅದರ ನಡುವೆ ಕೆಂಪು ಚುಕ್ಕೆಗಳು ಏಳುತ್ತವೆ. ಈ ಚುಕ್ಕೆಗಳು ಉರಿತಗೊಂಡ ಕಿರಿಯ ಜೊಲ್ಲುಗ್ರಂಥಿಗಳ ಬಾಯಿಗಳು. ನೇರವಾಗಿ ಸೇದುವವರಲ್ಲಿ ಈ ಸ್ಥಿತಿ ಸಾಮಾನ್ಯವಾಗಿ ಅರ್ಬುದಕ್ಕೆ ತಿರುಗುವುದಿಲ್ಲ. ಚಟ ಬಿಟ್ಟರೆ ಬಹುಪಾಲು ಮಾಯವಾಗುತ್ತದೆ. ಆದರೆ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ಪದ್ಧತಿಯ ಮಾತು ಬೇರೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಹೆಚ್ಚಾಗಿ ಕಂಡುಬಂದ ಈ ಪದ್ಧತಿಯನ್ನು ತೆಲುಗಿನಲ್ಲಿ ‘ಅಡ್ಡಪೊಗ’ ಎನ್ನುತ್ತಾರೆ. ಅಲ್ಲಿನ 10,169 ಗ್ರಾಮಸ್ಥರನ್ನು ಪರೀಕ್ಷಿಸಿ ಪಿಂಡ್‌ಬೋರ್ಗ್, ಮೆಹತಾ ಮೊದಲಾದವರು 1971ರಲ್ಲಿ ಪ್ರಕಟಿಸಿದ ಅಧ್ಯಯನವು ಅಂಗುಳದ ರೋಗಗಳಿಗೂ ಈ ಪದ್ಧತಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿತು. ಬೇರೆಡೆ ವಿರಳವಾದ ಗಟ್ಟಿ ಅಂಗುಳದ ಅರ್ಬುದ ಈ ಪದ್ಧತಿಯುಳ್ಳ ಸೀಮೆಯಲ್ಲಿ ವಿರಳವಲ್ಲ.

ಇದರಿಂದ ಒಂದು ಸಾಮಾನ್ಯ ನಿಯಮ ಹೊರಡುತ್ತದೆ: ಹೊಗೆಸೊಪ್ಪು ಎಲ್ಲಿ ಹೆಚ್ಚಾಗಿ ತಾಗುವುದೋ ಅಲ್ಲಿಯೇ ಕೇಡು ಹೆಚ್ಚು. ತಂಬಾಕಿನ ಉಂಡೆಯನ್ನು ಇಡುವವನಿಗೆ ದವಡೆಯ ಸಂದು, ಅಡ್ಡಪೊಗೆಯವರಿಗೆ ಅಂಗುಳ, ಚುಟ್ಟವನ್ನು ತುಟಿಯ ಒಂದೇ ಕೊನೆಯಲ್ಲಿ ಕಚ್ಚುವವನಿಗೆ ಆ ಕೊನೆ.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದುದು, ಬಿಳಿಯ ಮತ್ತು ಕೆಂಪು ಮಚ್ಚೆಗಳು. ಒರೆಸಿದರೂ ಹೋಗದ, ಬೇರೆ ರೋಗವೆಂದು ಗುರುತಿಸಲಾಗದ ಬಿಳಿ ಮಚ್ಚೆಯನ್ನು ವೈದ್ಯರು ಲ್ಯೂಕೊಪ್ಲೇಕಿಯಾ ಎನ್ನುತ್ತಾರೆ. ಇವುಗಳಲ್ಲಿ ಕೆಲವು ಮುಂದೆ ಅರ್ಬುದವಾಗುತ್ತವೆ. ಕೆಂಪು ಮಚ್ಚೆಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಮಚ್ಚೆಗೆ ನೋವಿಲ್ಲದಿರುವುದೇ ಇಲ್ಲಿನ ದುರ್ದೈವ. ನೋವಿಲ್ಲದ ರೋಗಕ್ಕೆ ಕೂಲಿ ಬಿಟ್ಟು, ನಾಟಿ ಬಿಟ್ಟು ರಾಯಚೂರಿನವರೆಗೆ ಯಾರು ಹೋಗುತ್ತಾರೆ? ನೋವು ಆರಂಭವಾಗಿ ಹೊರಡುವ ವೇಳೆಗೆ ಗಂತಿ ಎಲುಬಿಗೋ ಕೊರಳಿಗೋ ಹಬ್ಬಿರುತ್ತದೆ.

ಹಣವಾಗಲಿ ವಿದ್ಯೆಯಾಗಲಿ ಇದಕ್ಕೆ ರಕ್ಷೆಯಲ್ಲ. ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ ಸ್ವತಃ ವೈದ್ಯ, ಸಿಗಾರಿನ ವ್ಯಸನಿ. 1923ರಲ್ಲಿ ಅವನ ಅಂಗುಳ ದವಡೆಗಳಲ್ಲಿ ಅರ್ಬುದ ಪತ್ತೆಯಾಯಿತು. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳನ್ನು ಸಹಿಸಿ, ಕೃತಕ ಅಂಗುಳವನ್ನು ಧರಿಸಿ ಮಾತನಾಡುತ್ತ, ಆಗಲೂ ಸಿಗಾರನ್ನು ಬಿಡಲಾರದೆ 1939ರಲ್ಲಿ ತೀರಿಕೊಂಡನು. ಚಟವನ್ನು ಬಿಡಲಾರದವನನ್ನು ಹಳಿಯುವ ಮುನ್ನ ಈ ಉದಾಹರಣೆಯನ್ನು ನೆನೆಯುವುದು ಒಳ್ಳೆಯದು.

4. ಏನು ಮಾಡಬಹುದು

ಬಾಯಿ ದೇಹದ ಒಳಭಾಗವಾದರೂ ಕಣ್ಣಿಗೆ ಕಾಣುವಂಥದು. ಇದು ದೊಡ್ಡ ಅನುಕೂಲ. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿದು ತುಟಿಗಳ ಒಳಮೈ, ಎರಡೂ ಕೆನ್ನೆ, ವಸಡು, ನಾಲಗೆಯ ಅಂಚು, ನಾಲಗೆಯ ಕೆಳಭಾಗ ಮತ್ತು ಅಂಗುಳಗಳನ್ನು ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಗಟ್ಟಿಯಾದ ಗಂಟು, ಬಾಯಿ ತೆರೆಯಲು ಇಲ್ಲವೆ ನುಂಗಲು ತೊಡಕು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಇವುಗಳಲ್ಲಿ ಒಂದು ಕಂಡರೂ ನೋವನ್ನು ಕಾಯದೆ ದಂತವೈದ್ಯರಲ್ಲಿ ಹೋಗಬೇಕು.

ಇಂಥ ನೋಟದಿಂದ ನಿಜವಾಗಿಯೂ ಪ್ರಾಣ ಉಳಿಯುವುದೇ ಎಂದು ವಾಚಕರು ಕೇಳಬಹುದು. ಕೇರಳದ ತಿರುವನಂತಪುರದಲ್ಲಿ 1996ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಅರ್ಬುದದಿಂದಾಗುವ ಸಾವು ಸುಮಾರು ಶೇ. 34ರಷ್ಟು ಕಡಮೆಯಾದುದಾಗಿ 2005ರಲ್ಲಿ ವರದಿಯಾಯಿತು. ದುಬಾರಿ ಯಂತ್ರವಿಲ್ಲದೆ, ಬೆಳಕು ಮತ್ತು ಶಿಕ್ಷಿತ ಕಣ್ಣುಗಳಿಂದ ಸಿದ್ಧಿಸಿದ ಈ ಫಲ ಮಸ್ಕಿಯ ಹಳ್ಳಿಗೂ ಸಿಂಧನೂರಿನ ಕ್ಯಾಂಪಿಗೂ ಎಟುಕಲಾರದುದೇನಲ್ಲ. ಆಶಾ ಕಾರ್ಯಕರ್ತೆಯರು ಈಗಾಗಲೇ ಪ್ರತಿಯೊಂದು ಓಣಿಯನ್ನೂ ಬಲ್ಲವರು. ಶಂಕೆಯುಂಟಾದವರ ಪರೀಕ್ಷೆಗೆ ರಾಯಚೂರಿನಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಅರ್ಬುದದ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಕಲಬುರಗಿಯಲ್ಲಿ ಅದರ ಶಾಖೆಯೂ ಉಂಟು. ಚಟ ಬಿಡಬಯಸುವವರು 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಸಲಹೆ ಕೇಳಬಹುದು.

ಎಷ್ಟು ವರ್ಷ ಸೇದಿದವನಿಗೂ ಬಿಟ್ಟುದರ ಫಲ ಸಿಕ್ಕಿಯೇ ಸಿಗುತ್ತದೆ. ವಸಡಿನ ರಕ್ತಸಂಚಾರ ಸುಧಾರಿಸುತ್ತದೆ, ಅನೇಕ ಮಚ್ಚೆಗಳು ಕುಗ್ಗುತ್ತವೆ, ಅರ್ಬುದದ ಸಂಭವ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹೊಗೆಯನ್ನು ನುಂಗುವುದಿಲ್ಲವೆಂಬ ಸಮಾಧಾನವನ್ನು ಕಳಚಿಕೊಳ್ಳುವುದು ಇದಕ್ಕೆ ಮೊದಲ ಹೆಜ್ಜೆ. ಊರಿನ ಹಿರಿಯರೊಬ್ಬರು ಈ ಮಾತನ್ನು ಕೇಳಿ ಒಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆದರೂ ನಮ್ಮ ಈ ಬರಹದ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.