ನಂದಬಟ್ಟಲಿಗೆ ಸಂದ ಕೀರ್ತಿ

ಮಳೆಗಾಲದಲ್ಲಿ ಒಂದು ಮಗುವಿನ ಕಣ್ಣು ಕೆಂಪಾಯಿತೆಂದರೆ ಸಾಕು, ವಾರದೊಳಗೆ ಅರ್ಧ ತರಗತಿ ಖಾಲಿ. ಅಜ್ಜಿಯರ ಬಾಯಲ್ಲಿ ಅದು ಕಣ್ಣುಬೇನೆ, ನಮ್ಮ ಬಾಯಲ್ಲಿ ‘ಮದ್ರಾಸ್ ಐ’. 1918ರಲ್ಲಿ ಮದ್ರಾಸಿನಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು ಅಂಟಿಕೊಂಡಿತು. 1819ರಿಂದಲೇ ಕಣ್ಣಾಸ್ಪತ್ರೆಯಿದ್ದ ಊರು ಅದು. ನೋಡಬಲ್ಲವರಿದ್ದಲ್ಲಿ ತಾನೇ ರೋಗ ಕಣ್ಣಿಗೆ ಬೀಳುವುದು? ಪಾಪ, ಅಪಕೀರ್ತಿ ಮಾತ್ರ ಊರಿಗೆ ಬಂತು. ಇದರ ದಾಯಾದಿ ಬೇನೆಯೊಂದು 1969ರಲ್ಲಿ ಘಾನಾದಲ್ಲಿ ಹಬ್ಬಿದಾಗ, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷವೆಂದು ಜನ ಅದನ್ನು ‘ಅಪೊಲೊ’ ಎಂದರು. 1971ರಲ್ಲಿ ನಿರಾಶ್ರಿತರಿಂದ ತುಂಬಿದ ಕಲ್ಕತ್ತದಲ್ಲಿ ಅದಕ್ಕೆ ‘ಜಯ್ ಬಾಂಗ್ಲಾ’ ಎಂದು ಹೆಸರಾಯಿತು.

ಮದ್ದು ಹಿತ್ತಲಲ್ಲೇ ಇತ್ತು. ನಂದಬಟ್ಟಲು ಹೂವನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಕಣ್ಣು ತೊಳೆಯುವುದು, ನೆತ್ತಿಗೆ ಹರಳೆಣ್ಣೆ ಒತ್ತುವುದು, ಬಾಣಂತಿಯ ಎದೆಹಾಲನ್ನು ಎರಡು ಹನಿ ಬಿಡುವುದು. ಹತ್ತು ದಿನದಲ್ಲಿ ಕಣ್ಣು ತಿಳಿಯಾಗುತ್ತಿತ್ತು, ನಂದಬಟ್ಟಲಿಗೆ ಹೆಸರು ಬರುತ್ತಿತ್ತು. ಆದರೆ ಮದ್ರಾಸ್ ಐ ಹೆಚ್ಚಾಗಿ ಅಡಿನೋವೈರಸ್ಸಿನ ಕೆಲಸ. ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ತಾನೇ ಇಳಿದುಹೋಗುತ್ತದೆ. ನಗುವ ಮುನ್ನ ನಮ್ಮ ಕಾಲವನ್ನೂ ನೋಡಿಕೊಳ್ಳಬೇಕು: ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆ್ಯಂಟಿಬಯಾಟಿಕ್ ಹನಿಗೂ ವೈರಸ್ಸಿಗೂ ಸಂಬಂಧವಿಲ್ಲ. ಹೂವಿನ ಕೀರ್ತಿಯನ್ನು ಈಗ ಸೀಸೆ ಅನುಭವಿಸುತ್ತಿದೆ, ಅಷ್ಟೇ.

ತಾನೇ ವಾಸಿಯಾಗುವ ಬೇನೆಯಲ್ಲಿ ಗಳಿಸಿದ ಈ ನಂಬಿಕೆಯನ್ನು ತಾನಾಗಿ ವಾಸಿಯಾಗದ ಕಣ್ಣಿಗೂ ಒಯ್ದಾಗ ಅನಾಹುತ. ಭತ್ತ ಬಡಿಯುವಾಗ ಸುಂಕು ಹಾರುತ್ತದೆ, ಕಬ್ಬಿನ ಗರಿ ಕಣ್ಣಿಗೆ ಗೀರುತ್ತದೆ. ಕೆಲವು ಹಳ್ಳಿಗಳಲ್ಲಿ ಕಣ್ಣಿನ ಕಸವನ್ನು ನಾಲಿಗೆಯ ತುದಿಯಿಂದಲೇ ತೆಗೆಯುವವರಿದ್ದರು. ಕೈಚಳಕವೆಂಬಂತೆ ನಾಲಿಗೆಚಳಕ! ಕಸವೇನೋ ಬರುತ್ತಿತ್ತು, ಬಾಯಿಯ ರೋಗಾಣುಗಳು ಗೀರಿನೊಳಗೆ ಉಳಿಯುತ್ತಿದ್ದವು. ಗರಿಯೊಡನೆ ಶಿಲೀಂಧ್ರ ಹೊಕ್ಕಿದ್ದರಂತೂ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲೇ ಹುಣ್ಣು. ಆಗ ಎಲೆಯ ರಸ ಹಿಂಡಿದರೆ ಹುಣ್ಣಿಗೆ ಇನ್ನಷ್ಟು ಸೋಂಕು. ಇತ್ತ ಯಾರೋ ಕೊಟ್ಟ ಸ್ಟಿರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದು ‘ವಾಸಿಯಾಯಿತು’ ಅನ್ನಿಸುತ್ತದೆ, ಒಳಗೆ ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ. ಹುಣ್ಣು ಮಾಗಿದ ಮೇಲೆ ಉಳಿಯುವ ಬಿಳಿ ಕಲೆಗೆ ನಮ್ಮವರು ಇಟ್ಟ ಹೆಸರೂ ‘ಹೂವು’.

ಈ ಶಿಲೀಂಧ್ರದ ಹುಣ್ಣಿಗೆ ತಕ್ಕ ಮದ್ದು ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿ, 1955ರಲ್ಲಿ. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಔಷಧಿ ನಟಮೈಸಿನ್. ಮದ್ರಾಸು ರೋಗಕ್ಕೆ ಹೆಸರು ಕೊಟ್ಟಿತು, ನಟಾಲ್ ಮದ್ದಿಗೆ. ಆದರೆ ಈ ಹನಿಯನ್ನು ಮೊದಲ ದಿನಗಳಲ್ಲಿ ಗಂಟೆಗೊಂದು ಸಲ ಬಿಡಬೇಕು, ವಾರಗಟ್ಟಲೆ ಮುಂದುವರಿಸಬೇಕು. ಸುಂಕು ಕಣ್ಣಿಗೆ ಹೊಗುವುದು ಕೊಯ್ಲಿನ ಹೊತ್ತಿನಲ್ಲೇ. ಕಣ ತುಂಬಾ ತೆನೆ ಬಿದ್ದಿರುವಾಗ ಗಂಟೆಗೊಮ್ಮೆ ಮುಖವೆತ್ತಿ ಕೂರಲು ಯಾರಿಗೆ ಪುರುಸೊತ್ತು?