ಹಳದಿ ಕಪ್ಪೆ ಕಂಡ್ರೆ ಗಾಬರಿ ಬೇಡ

ಮೊದಲ ಜೋರು ಮಳೆಗೆ ಕೊಳ್ಳೇಗಾಲ, ಯಳಂದೂರಿನ ಗದ್ದೆಗಳಲ್ಲಿ ವಟಗುಟ್ಟೋ ಹಳದಿ ಕಪ್ಪೆ ನೋಡಿದೀರಾ? ಅದು ವಿಷದ ಕಪ್ಪೆ ಅಲ್ಲ. ಹೆಣ್ಣನ್ನು ಕರೀತಿರೋ ಗಂಡು ಗೋಂಕರು ಕಪ್ಪೆ, ಅಂದ್ರೆ ಬುಲ್‌ಫ್ರಾಗ್. ಗಂಟಲ ಎರಡೂ ಬದಿಯ ಚೀಲ ನೀಲಿ. ಆ ದಿನಗಳು ಮುಗಿದ್ರೆ ಮತ್ತೆ ಹಸಿರು-ಕಂದು.

ಹಾಗಾಗಿ ಬಣ್ಣ ನಂಬಬೇಡಿ, ಬೆನ್ನು ನೋಡಿ. ಗೋಂಕರು ಕಪ್ಪೆಯ ಬೆನ್ನ ಮೇಲೆ ಉದ್ದುದ್ದ ಚರ್ಮದ ಮಡಿಕೆಗಳಿರ್ತವೆ. ಅದನ್ನೇ ಹೋಲೋ ಜೆರ್ಡನ್ ಕಪ್ಪೆ ಗಿಡ್ಡ, ದಪ್ಪ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಉಬ್ಬು. ಅದರಿಂದಲೇ ಮಣ್ಣು ತೋಡಿ ಒಳಗೆ ಸೇರ್ಕೊಳ್ಳುತ್ತೆ; ಹನೂರು ಕಡೆಯಂಥ ಒಣ ಬಯಲಿಗೆ ತಕ್ಕ ಮೈಕಟ್ಟು. ಮೂರನೇದು ಕೆರೆಯ ಹಸಿರು ಕಪ್ಪೆ. ಬೆನ್ನು ನುಣುಪು, ನೀರು ಬಿಟ್ಟು ಬರೋದು ಅಪರೂಪ, ಬೆಳೆದ ಮೇಲೆ ನೀರಿನ ಗಿಡಗಳನ್ನೂ ತಿನ್ನುತ್ತೆ.

ಒಂದು ಕಾಲದಲ್ಲಿ ಈ ಮೂರರ ಕಾಲುಗಳೂ ವಿದೇಶದ ತಟ್ಟೆಗೆ ಹೋಗ್ತಿದ್ವು. 1985ರಲ್ಲಿ ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ ಗೋಂಕರು ಮತ್ತು ಹಸಿರು ಕಪ್ಪೆಯ ವ್ಯಾಪಾರಕ್ಕೆ ಲಗಾಮು ಹಾಕ್ತು. ಜೆರ್ಡನ್ ಆ ಪಟ್ಟಿ ಸೇರಲಿಲ್ಲ. ಆದ್ರೆ ಚರ್ಮ ಸುಲಿದ ಕಾಲು ನೋಡಿ ಯಾವ ಕಪ್ಪೆ ಅಂತ ಹೇಳೋದು ಹೇಗೆ? 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸ್ತು.

ಬಿಕಾಂ ಓದಿದ ನನ್ನ ಲೆಕ್ಕ ಇಷ್ಟೇ: ಕಾಲು ಮಾರಿದ್ರೆ ಒಂದೇ ಸಲ ದುಡ್ಡು, ಗದ್ದೇಲೇ ಬಿಟ್ರೆ ಮಳೆಗಾಲ ಪೂರ್ತಿ ಹುಳು ತಿನ್ನುತ್ತೆ. ಗೋಂಕರು ಕಪ್ಪೆ ಹಿಡಿಯೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಈ ಮಳೆಗೆ ಕಂಡ್ರೆ, ಮುಟ್ಟದೆ ಬೆನ್ನಿನ ಫೋಟೋ ತೆಗೀರಿ, ಸಾಕು.