ಕಿರೀಟ ಕಟ್ಟುವ ಕೈ

ಭೀಮಾ ನದಿಯ ಸೀಮೆಯಲ್ಲಿ, ಮಣ್ಣೂರಿನಂಥ ಊರುಗಳ ಕಡೆ, ದೊಡ್ಡಾಟವನ್ನು ಕಂಡವರು ಕತೆಯನ್ನು ಮರೆತಿರಬಹುದು. ವೇಷದ ಕಿರೀಟವನ್ನು ಮರೆತಿರಲಾರರು. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಅದನ್ನು ಧರಿಸಿ ರಂಗಕ್ಕೆ ಬಂದನೆಂದರೆ, ಅವನ ನೆರೆಹೊರೆಯವರೇ ಅವನನ್ನು ದುರ್ಯೋಧನನೆಂದು ಒಪ್ಪುತ್ತಾರೆ. ಈ ಒಪ್ಪಿಗೆಯನ್ನು ದೊರಕಿಸುವ ಶಿರೋಭೂಷಣದ ರಚನೆಯನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ದೊಡ್ಡಾಟದ ಕಿರೀಟ, ಭುಜಕೀರ್ತಿಗಳನ್ನು ಹಗುರವಾದ ಮರದಿಂದ ಮಾಡಿ, ಬಣ್ಣದ ಕಾಗದ, ಬೇಗಡೆ, ಕನ್ನಡಿಯ ಚೂರುಗಳನ್ನು ಅಂಟಿಸುತ್ತಾರೆ. ಹಗುರ ಮರವೇ ಏಕೆ? ರಾತ್ರಿಯೆಲ್ಲ ಕುಣಿಯುವವನ ಕೊರಳು ಅದನ್ನು ಹೊರಬೇಕು. ಕನ್ನಡಿಯೇಕೆ? ಬಯಲಿನಲ್ಲಿ ದೂರ ಕುಳಿತವನಿಗೆ ಮುಖಭಾವ ಕಾಣದು. ತಲೆ ಅಲುಗಿದಂತೆ ದೀಪದ ಬೆಳಕು ಚೂರುಗಳಲ್ಲಿ ಮಿಂಚಿದಾಗ ವೀರನ ಆವೇಶ ಅವನಿಗೂ ತಲಪುತ್ತದೆ.

ನಮ್ಮ ಕರಾವಳಿಯ ಬಡಗುತಿಟ್ಟಿನ ಯಕ್ಷಗಾನದಲ್ಲಿ ಇದಕ್ಕಿಂತ ಭಿನ್ನವಾದ ಕ್ರಮವೊಂದಿದೆ. ಅಲ್ಲಿಯೂ ಕಿರೀಟಗಳುಂಟು. ಆದರೆ ಅಭಿಮನ್ಯು, ಬಭ್ರುವಾಹನರಂಥ ತರುಣವೀರರಿಗೆ ಕೇದಗೆ ಮುಂದಲೆ. ಕರ್ಣಾರ್ಜುನರಿಗೆ ದೊಡ್ಡ ಮುಂಡಾಸು. ಸಂಪ್ರದಾಯದಂತೆ ಇವು ಪೆಟ್ಟಿಗೆಯಿಂದ ಸಿದ್ಧವಾಗಿ ಹೊರಬರುವುದಿಲ್ಲ. ಚೌಕಿಯಲ್ಲಿ ಕಲಾವಿದನು ಬಟ್ಟೆಯನ್ನು ತಲೆಯ ಮೇಲೆಯೇ ಸುತ್ತಿ, ಜರಿಯ ಪಟ್ಟಿಗಳನ್ನು ಬಿಗಿದು ರೂಪಕ್ಕೆ ತರುತ್ತಾನೆ. ಆಟ ಮುಗಿದೊಡನೆ ಬಿಚ್ಚುತ್ತಾನೆ. ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ಕಡಮೆಯಾದರೆ ಕುಣಿತದ ನಡುವೆ ಜಾರುತ್ತದೆ. ಆ ಹದವನ್ನು ಬೆರಳುಗಳೇ ಬಲ್ಲವು.

ದೂರದ ಬಾಲಿ ದ್ವೀಪದಲ್ಲಿಯೂ ರಾಮಾಯಣ, ಮಹಾಭಾರತಗಳ ಕತೆಗಳು ಕುಣಿತಕ್ಕೆ ಇಳಿದಿವೆ. ಅಲ್ಲಿನ ಲೆಗೋಂಗ್ ನರ್ತಕಿಯರ ಶಿರೋಭೂಷಣಕ್ಕೆ ‘ಗೆಲುಂಗನ್’ ಎಂದು ಹೆಸರು. ಚರ್ಮವನ್ನು ಕುಸುರಿಯಾಗಿ ಕೊರೆದು, ಚಿನ್ನದ ಬಣ್ಣ ಬಳಿದು, ದೇವಕಣಗಿಲೆಯ ಹೂಗಳನ್ನು ಸಿಕ್ಕಿಸುತ್ತಾರೆ. ನರ್ತಕಿಯ ಕೊರಳು ಚಲಿಸಿದಾಗ ಹೂಗಳೂ ಕಂಪಿಸುತ್ತವೆ. ಬಾಲಿಯ ಸಾಂಪ್ರದಾಯಿಕ ನೃತ್ಯಗಳ ಮೂರು ಪ್ರಕಾರಗಳನ್ನು ಯುನೆಸ್ಕೋ 2015ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮರವಾಗಲಿ, ಬಟ್ಟೆಯಾಗಲಿ, ಚರ್ಮವಾಗಲಿ, ಕುಣಿಯುವವನ ತಲೆಯ ಮೇಲೆ ಚಲಿಸಿದಾಗಲೇ ಶಿರೋಭೂಷಣಕ್ಕೆ ಜೀವ.

ಈಚೆಗೆ ಯಕ್ಷಗಾನದಲ್ಲಿ ಸಿದ್ಧ ಮುಂಡಾಸುಗಳೂ ಬಳಕೆಗೆ ಬಂದಿವೆ. ಸಮಯ ಉಳಿಯುತ್ತದೆ, ಹೊಸಬನಿಗೂ ಅನುಕೂಲ. ಇದನ್ನು ಹಳಿಯುವಂತಿಲ್ಲ. ಆದರೆ ಕಟ್ಟುವ ಕೆಲಸ ನಿಂತರೆ ಕಲಿಸುವುದೂ ನಿಲ್ಲುತ್ತದೆ. ಹಳೆಯ ಕಿರೀಟವನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಾಡಬಹುದು. ಬಟ್ಟೆ ಸುತ್ತುವ ಹದವನ್ನು ಅಲ್ಲಿ ಇರಿಸಲಾಗದು.

ನಿಮ್ಮ ಊರಿನಲ್ಲಿ ಆಟವಾದಾಗ ಒಂದು ಗಂಟೆ ಮೊದಲೇ ಹೋಗಿ, ಅನುಮತಿ ಪಡೆದು, ವೇಷ ಕಟ್ಟುವುದನ್ನು ನೋಡಿರಿ. ಮಕ್ಕಳನ್ನೂ ಕರೆದೊಯ್ಯಿರಿ. ಅವರಲ್ಲಿ ಒಬ್ಬನಾದರೂ ‘ನನಗೂ ಕಲಿಸಿ’ ಎಂದು ಕೈ ಚಾಚಿದರೆ, ಆಟ ಅಲ್ಲಿಯೇ ಆರಂಭವಾಯಿತೆಂದು ತಿಳಿಯಬಹುದು.